ಕರಾವಳಿಯ ಮತಪೆಟ್ಟಿಗೆಯೂ ಲೋಕದ ಪ್ರಜಾಸತ್ತೆಗಳೂ

ಪ್ರಜಾಸತ್ತೆ ಎಂಬ ಪದವನ್ನು ನಾವು ಏಕವಚನದಲ್ಲಿಯೇ ಬಳಸುತ್ತ ಬಂದಿದ್ದೇವೆ. ಆದರೆ ಪ್ರಜೆಗಳೇ ಪ್ರಭುಗಳೆಂಬ ತತ್ತ್ವವನ್ನು ಒಪ್ಪಿಕೊಂಡ ದೇಶಗಳು ಅದನ್ನು ಆಚರಣೆಗೆ ತರುವ ಬಗೆಯಲ್ಲಿ ಒಂದನ್ನೊಂದು ಹೋಲುವುದಿಲ್ಲ. ಮತವನ್ನು ಹೇಗೆ ಎಣಿಸಬೇಕು, ಕ್ಷೇತ್ರಗಳ ಗಡಿಯನ್ನು ಯಾರು ಗುರುತಿಸಬೇಕು, ಹೊಟ್ಟೆಪಾಡಿಗಾಗಿ ಕಡಲಾಚೆ ಹೋದವನ ಹಕ್ಕು ಏನಾಗಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ದೇಶವೂ ಒಂದೊಂದು ಉತ್ತರವನ್ನು ಕೊಟ್ಟುಕೊಂಡಿದೆ. ಇವು ಪೌರನೀತಿಯ ಪುಸ್ತಕದ ಕಡೆಯ ಅಧ್ಯಾಯಕ್ಕೆ ಸೇರಿದ ಸೂಕ್ಷ್ಮಗಳೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಯಾರು ಆಳಬೇಕೆಂಬುದು ಅನೇಕ ವೇಳೆ ಈ ಸೂಕ್ಷ್ಮಗಳಿಂದಲೇ ತೀರ್ಮಾನವಾಗುತ್ತದೆ. ಇದನ್ನು ಅರಿಯಲು ಲಂಡನ್ನಿಗೋ ವಾಷಿಂಗ್ಟನ್ನಿಗೋ ಹೋಗಬೇಕಾಗಿಲ್ಲ. ಕುಮಟೆಯಿಂದ ಹೊನ್ನಾವರದ ಮಾರ್ಗವಾಗಿ ಭಟ್ಕಳಕ್ಕೆ ಸಾಗುವ ಅರವತ್ತು ಕಿಲೋಮೀಟರುಗಳ ಹಾದಿಯೇ ಸಾಕು ಎಂಬುದು ನನ್ನ ನಂಬಿಕೆ.

ಈ ಸೀಮೆಯ ಮತದಾರನ ಚರಿತ್ರೆ ಸ್ವಾರಸ್ಯವಾದದ್ದು. 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾದ ಉತ್ತರ ಕನ್ನಡ ಜಿಲ್ಲೆಯ ಜನ ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಮುಂಬಯಿಯ ಶಾಸನಸಭೆಗೆ ಮತ ಹಾಕಿದರು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ, 1957ರಲ್ಲಿ, ಅದೇ ಜನ ಮೈಸೂರಿನ ಶಾಸನಸಭೆಗೆ ಮತ ಹಾಕಿದರು. ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಅಕ್ಷರ ಬಾರದವರೂ ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕಬಹುದಾಗಿತ್ತು. ಗದ್ದೆಯ ಕೆಸರನ್ನು ತೊಳೆದುಕೊಂಡು ಬಂದ ಹಾಲಕ್ಕಿ ಒಕ್ಕಲಗಿತ್ತಿಗೆ ಗಣರಾಜ್ಯದ ಮೊದಲ ಚುನಾವಣೆಯಲ್ಲಿಯೇ ದೊರೆತ ಈ ಅಧಿಕಾರ, ಪ್ರಜಾಸತ್ತೆಯ ತವರೆಂದು ಹೊಗಳಿಸಿಕೊಳ್ಳುವ ಸ್ವಿಟ್ಜರ್ಲೆಂಡಿನ ವಿದ್ಯಾವಂತ ಮಹಿಳೆಗೆ ರಾಷ್ಟ್ರದ ಮಟ್ಟದಲ್ಲಿ ದೊರೆತದ್ದು 1971ರಲ್ಲಿ. ಅಲ್ಲಿಯ ಒಂದು ಕ್ಯಾಂಟನ್ನಿನಲ್ಲಿ ಸ್ಥಳೀಯ ಮತಾಧಿಕಾರಕ್ಕಾಗಿ ಸ್ತ್ರೀಯರು 1990ರವರೆಗೂ ಕಾಯಬೇಕಾಯಿತು. ಪಾಶ್ಚಾತ್ಯ ದೇಶಗಳೆಲ್ಲ ಗುರುಗಳು, ನಾವೆಲ್ಲ ಶಿಷ್ಯರು ಎಂಬ ಭಾವನೆಯನ್ನು ಬದಿಗಿಟ್ಟು ಹೋಲಿಕೆಗೆ ತೊಡಗುವುದು ಮೇಲು.

ಮೊದಲು ಕುಮಟೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಭಾರತೀಯ ಜನತಾ ಪಕ್ಷ, ಜನತಾ ದಳ, ಕಾಂಗ್ರೆಸ್ ಎಂಬ ಮೂರು ಪಕ್ಷಗಳ ನಡುವೆ ಸ್ಪರ್ಧೆ ನಡೆಯಿತು. ಮೊದಲ ಇಬ್ಬರ ನಡುವಿನ ಅಂತರ 676 ಮತಗಳು. ಮೂರನೆಯವರಿಗೆ ಬಿದ್ದ ಮತಗಳು ಈ ಅಂತರದ ಎಷ್ಟೋ ಪಟ್ಟು. ಗೆದ್ದವರಿಗೆ ಬಂದ ಮತಗಳಾದರೋ ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಕಡಿಮೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನಿಯಮದಂತೆ ನಡೆದ ಚುನಾವಣೆ, ನಿಯಮದಂತೆ ಬಂದ ಫಲಿತಾಂಶ. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನೇ ಗೆದ್ದ ಎಂಬ ನಿಯಮವನ್ನು ನಾವು ಇಂಗ್ಲೆಂಡಿನಿಂದ ಪಡೆದುಕೊಂಡೆವು. ಅದರ ಗುಣ ಸರಳತೆ. ದೋಷ, ಗೆದ್ದವನನ್ನು ಬೇಡವೆಂದವರು ಬೇಕೆಂದವರಿಗಿಂತ ಹೆಚ್ಚಾಗಿರಲು ಎಡೆಯಿರುವುದು.

ಇದೇ ಮತಗಳು ಫ್ರಾನ್ಸಿನಲ್ಲಿ ಬಿದ್ದಿದ್ದರೆ ಅಂದೇ ಯಾರೂ ಗೆಲ್ಲುತ್ತಿರಲಿಲ್ಲ. ಅಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮುಂದಿನ ವಾರ ಮುಂಚೂಣಿಯವರ ನಡುವೆ ಮತ್ತೊಮ್ಮೆ ಮತದಾನವಾಗುತ್ತದೆ. ಆಸ್ಟ್ರೇಲಿಯದಲ್ಲಾದರೆ ಎರಡನೆಯ ಸಲ ಮತಗಟ್ಟೆಗೆ ಬರುವ ಶ್ರಮವೂ ಇಲ್ಲ. ಅಲ್ಲಿಯ ಮತದಾರ ಉಮೇದುವಾರರ ಹೆಸರುಗಳ ಮುಂದೆ ತನ್ನ ಮೆಚ್ಚುಗೆಯ ಕ್ರಮದಲ್ಲಿ 1, 2, 3 ಎಂದು ಬರೆಯುತ್ತಾನೆ. ಕಡೆಯವನನ್ನು ಕೈಬಿಟ್ಟು, ಅವನಿಗೆ ಬಂದ ಚೀಟಿಗಳನ್ನು ಎರಡನೆಯ ಮೆಚ್ಚಿಗೆಯಂತೆ ಹಂಚುತ್ತ ಹೋಗುತ್ತಾರೆ. 1918ರಲ್ಲಿ ಜಾರಿಗೆ ಬಂದ ಪದ್ಧತಿಯಿದು. ಮತದಾನಕ್ಕೆ ಬಾರದವನಿಗೆ ದಂಡ ವಿಧಿಸುವ ಕಾನೂನನ್ನೂ ಆ ದೇಶ 1924ರಲ್ಲಿ ಮಾಡಿಕೊಂಡಿತು. ಈ ಎರಡು ಪದ್ಧತಿಗಳಲ್ಲಿ ಕುಮಟೆಯ ಫಲಿತಾಂಶ ಬದಲಾಗುತ್ತಿತ್ತೇ ಎಂದು ಊಹಿಸುವ ಕೆಲಸ ನನ್ನದಲ್ಲ. ಗೆದ್ದವರು ಯಾರೇ ಆಗಲಿ, ಕ್ಷೇತ್ರದ ಹೆಚ್ಚಿನವರಿಗೆ ಒಪ್ಪಿಗೆಯಾದವರೆಂದು ಹೇಳಿಕೊಳ್ಳಲು ಅವಕಾಶವಿರುತ್ತಿತ್ತು ಎಂಬಷ್ಟು ನಿಜ.

ನಮ್ಮ ಹಳ್ಳಿಗರಿಗೆ ಈ ಅಂಕೆಗಳ ಲೆಕ್ಕ ಹಿಡಿಸದು ಎಂಬ ಆಕ್ಷೇಪ ಒಡನೆಯೇ ಬರುತ್ತದೆ. 1952ರಲ್ಲಿ ಅದು ಸರಿಯಾದ ಆಕ್ಷೇಪವಾಗಿತ್ತು. ಆದರೆ ಈ ಪದ್ಧತಿ ನಮ್ಮ ಮನೆಯಲ್ಲಿಯೇ ಇದೆ ಎಂಬುದನ್ನು ಎಷ್ಟು ಮಂದಿ ನೆನೆಯುತ್ತಾರೆ? ಕರ್ನಾಟಕದ ವಿಧಾನಪರಿಷತ್ತಿಗೆ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಸದಸ್ಯರನ್ನು ಆರಿಸುವಾಗ ಉತ್ತರ ಕನ್ನಡದ ಪ್ರೌಢಶಾಲೆಯ ಉಪಾಧ್ಯಾಯರು ಮತಪತ್ರದ ಮೇಲೆ ಬರೆಯುವುದು 1, 2, 3 ಎಂಬ ಅಂಕೆಗಳನ್ನೇ. ಪದವೀಧರರ ಕ್ಷೇತ್ರದಲ್ಲಿಯೂ ಅದೇ ಕ್ರಮ. ಒಂದೇ ಕೈ ಪರಿಷತ್ತಿಗೆ ಆಸ್ಟ್ರೇಲಿಯದ ರೀತಿಯಲ್ಲಿಯೂ ವಿಧಾನಸಭೆಗೆ ಇಂಗ್ಲೆಂಡಿನ ರೀತಿಯಲ್ಲಿಯೂ ಮತ ಹಾಕುತ್ತಿದೆ.

ಇಷ್ಟರಿಂದ ನಮ್ಮ ಪದ್ಧತಿಯನ್ನು ಹಳಿಯುವುದೂ ನ್ಯಾಯವಲ್ಲ. 1952, 1957, 1962ರಲ್ಲಿ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಲೋಕಸಭೆಗೆ ಕಳುಹಿಸಿದ ಈ ಜಿಲ್ಲೆ, 1967ರಲ್ಲಿ ಯಾವ ಪಕ್ಷದ ಟಿಕೇಟೂ ಇಲ್ಲದ ದಿನಕರ ದೇಸಾಯಿಯವರನ್ನು ಆರಿಸಿತು. ರೈತರ ಪರವಾಗಿ ಹೋರಾಡಿದವರು, ಶಾಲೆಗಳನ್ನು ಕಟ್ಟಿದವರು, ಚುಟುಕಗಳ ಕವಿ. ಜನ ಅವರನ್ನು ಬಲ್ಲವರಾಗಿದ್ದರು, ಅಷ್ಟೇ ಸಾಕಾಯಿತು. ಭಟ್ಕಳವೂ 2013ರಲ್ಲಿ ಪಕ್ಷೇತರರಾದ ಮಂಕಾಳ ವೈದ್ಯರನ್ನು ವಿಧಾನಸಭೆಗೆ ಕಳುಹಿಸಿತು. ಇಸ್ರೇಲಿನಲ್ಲಿ ಇಡಿಯ ದೇಶವೇ ಒಂದು ಕ್ಷೇತ್ರ, 120 ಸ್ಥಾನಗಳನ್ನು ಪಕ್ಷಗಳು ಪಡೆದ ಮತಗಳ ಪ್ರಮಾಣದಲ್ಲಿ ಹಂಚುತ್ತಾರೆ, ನೂರಕ್ಕೆ 3.25ರಷ್ಟು ಮತ ಬಾರದ ಪಟ್ಟಿಗೆ ಏನೂ ಇಲ್ಲ. ಅಲ್ಲಿ ಒಂದು ಜಿಲ್ಲೆಯ ಪ್ರೀತಿಯನ್ನೇ ನಂಬಿ ನಿಂತ ಕವಿಗೆ ದಾರಿಯಿಲ್ಲ. ಜರ್ಮನಿಯಲ್ಲಿ 1949ರ ಚುನಾವಣೆಯಲ್ಲಿ ಗೆದ್ದ ಮೂವರು ಪಕ್ಷೇತರರೇ ಕೊನೆಯವರು. 2025ರಲ್ಲಂತೂ, ಹೊಸ ಕಾನೂನಿನ ಫಲವಾಗಿ, ತಮ್ಮ ಕ್ಷೇತ್ರದಲ್ಲಿ ಮೊದಲಿಗರಾಗಿ ಬಂದ 23 ಮಂದಿಗೆ ಸಂಸತ್ತಿನಲ್ಲಿ ಸ್ಥಾನವೇ ದೊರೆಯಲಿಲ್ಲ. ಪ್ರಮಾಣಾನುಸಾರದ ಪದ್ಧತಿ ಪಕ್ಷಗಳಿಗೆ ನ್ಯಾಯ ಮಾಡುತ್ತದೆ. ನಮ್ಮದು ಕೆಲವೊಮ್ಮೆ ವ್ಯಕ್ತಿಗೆ ನ್ಯಾಯ ಮಾಡುತ್ತದೆ.

ಶರಾವತಿಯ ಸೇತುವೆಯ ಬಳಿ ಹೊನ್ನಾವರ ನಮಗೆ ಎರಡನೆಯ ಪಾಠವನ್ನು ಹೇಳುತ್ತದೆ. ಈ ಪುರಾತನ ರೇವುಪಟ್ಟಣದ ಹೆಸರಿನಲ್ಲಿ ಇಂದು ವಿಧಾನಸಭಾ ಕ್ಷೇತ್ರವಿಲ್ಲ. ತಾಲ್ಲೂಕಿನ ಒಂದು ಭಾಗ ಕುಮಟೆಯೊಡನೆಯೂ ಮಂಕಿಯ ಕಡೆಯ ಭಾಗ ಭಟ್ಕಳದೊಡನೆಯೂ ಸೇರಿಕೊಂಡಿವೆ. ತಾಲ್ಲೂಕಿಗೆ ತನ್ನವರೆನ್ನುವ ಶಾಸಕರಿಲ್ಲ ಎಂಬ ಕೊರಗು ಸಹಜವೇ. ಆದರೆ ಗೆರೆ ಎಳೆದವರು ಯಾರು ಎಂಬುದನ್ನು ನೋಡಬೇಕು. ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳ ಅಧ್ಯಕ್ಷತೆಯ ಆಯೋಗವೊಂದು ಜನಸಂಖ್ಯೆಯನ್ನು ತೂಗಿ ಗಡಿಗಳನ್ನು ಗೊತ್ತುಮಾಡಿತು. ಆ ಗಡಿಗಳಂತೆ ದೇಶದಲ್ಲಿ ಮೊದಲು ವಿಧಾನಸಭಾ ಚುನಾವಣೆ ನಡೆದದ್ದು ಕರ್ನಾಟಕದಲ್ಲಿ, 2008ರಲ್ಲಿ. ಅಮೇರಿಕದ ಅನೇಕ ಸಂಸ್ಥಾನಗಳಲ್ಲಿ ಈ ಕೆಲಸ ಅಧಿಕಾರದಲ್ಲಿರುವ ಪಕ್ಷದ ಶಾಸಕರದೇ. 1812ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರ್ ಗೆರಿಯವರ ಕಾಲದಲ್ಲಿ ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆದ ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿಯ ಆಕಾರವನ್ನು ತಳೆಯಿತು. ಆ ಚಾಳಿಗೆ ಗೆರಿಯವರ ಹೆಸರೇ ಅಂಟಿಕೊಂಡಿತು. ಮತದಾರರು ಪ್ರತಿನಿಧಿಯನ್ನು ಆರಿಸಬೇಕಾದಲ್ಲಿ ಪ್ರತಿನಿಧಿಯೇ ಮತದಾರರನ್ನು ಆರಿಸಿಕೊಳ್ಳುವ ವಿಪರ್ಯಾಸವದು. ನಮ್ಮ ಆಯೋಗದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಕಾನೂನು ಎಡೆಗೊಟ್ಟಿಲ್ಲ. ಅದರಿಂದ ಹೊನ್ನಾವರಕ್ಕೆ ನೋವಾಗಿರಬಹುದು. ಗೆರೆ ಎಳೆದ ಕೈಗೆ ಮಾತ್ರ ಗೆಲ್ಲುವ ಆಸೆಯಿರಲಿಲ್ಲ ಎಂಬುದೇ ಸಮಾಧಾನ.

ಭಟ್ಕಳದ ಪಾಠ ಎಲ್ಲಕ್ಕಿಂತ ಕಠಿಣವಾದದ್ದು. ಮೆಣಸಿನ ವ್ಯಾಪಾರದ ಕಾಲದಿಂದಲೂ ಕಡಲಾಚೆಯ ನಾಡುಗಳೊಡನೆ ನಂಟು ಬೆಳೆಸಿದ ಊರದು. ಇಂದು ದುಬೈ ಮೊದಲಾದ ಕೊಲ್ಲಿಯ ಪಟ್ಟಣಗಳಲ್ಲಿ ಮಗನೋ ಅಳಿಯನೋ ಇರುವ ಮನೆಗಳು ಅಲ್ಲಿ ಬಹಳ. 2010ರ ತಿದ್ದುಪಡಿ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಅನುಮತಿ ಕೊಟ್ಟಿತು. ಆದರೆ ಮತ ಹಾಕಲು ಅವರು ಖುದ್ದಾಗಿ ಮತಗಟ್ಟೆಗೆ ಬರಬೇಕು. ವಿಮಾನದ ಟಿಕೇಟು ಕೊಳ್ಳಬಲ್ಲವನಿಗೆ ಒದಗುವ ಹಕ್ಕು ಕೂಲಿಯ ಮೇಲೆ ಹೋದವನಿಗೆ ಕಾಗದದ ಮೇಲೆಯೇ ಉಳಿಯಿತು. ಫಿಲಿಪ್ಪೀನ್ಸ್ ದೇಶ 2003ರಲ್ಲಿಯೇ ತನ್ನ ಪರದೇಶವಾಸಿಗಳಿಗೆ ಇದ್ದಲ್ಲಿಂದಲೇ ಮತ ಹಾಕುವ ಕಾನೂನು ಮಾಡಿತು. ಫ್ರಾನ್ಸು 2012ರ ಚುನಾವಣೆಯಿಂದ ಹೊರನಾಡಿಗರಿಗೆಂದೇ 11 ಸ್ಥಾನಗಳನ್ನು ಮೀಸಲಿಟ್ಟಿದೆ.

ಇಲ್ಲಿ ಎದುರುವಾದವೂ ಬಲವಾದದ್ದೇ. ಊರಿನಲ್ಲಿ ಇಲ್ಲದವನು ಊರಿನ ರಸ್ತೆ, ನೀರು, ಶಾಂತಿಗಳ ಫಲವನ್ನು ಉಣ್ಣುವವನಲ್ಲ. 676 ಮತಗಳಿಂದ ಗೆಲವು ತೀರ್ಮಾನವಾಗುವ ಕರಾವಳಿಯಲ್ಲಿ ಸಾವಿರಾರು ಅಂಚೆಮತಗಳು ಬಂದರೆ ಊರಿನವರ ತೀರ್ಪನ್ನು ಹೊರಗಿನವರು ತಿದ್ದಿದಂತಾಗದೇ? ಫ್ರಾನ್ಸು ಪ್ರತ್ಯೇಕ ಸ್ಥಾನಗಳನ್ನು ಮಾಡಿದಾಗ ಈ ಅಂಜಿಕೆಗೂ ಒಂದು ಉತ್ತರ ದೊರೆಯಿತು. ಆದರೂ ಈ ವಾದ ಕೊಲ್ಲಿಯ ದುಡಿಮೆಗಾರನಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಕೆನಡಕ್ಕೆ ಹೋದವನು ಅಲ್ಲಿಯ ಪೌರನಾಗಿ ಅಲ್ಲಿಯೇ ಮತ ಹಾಕಬಲ್ಲ. ಆಗ ಭಾರತದ ಪೌರತ್ವವೂ ಅವನಿಗೆ ಉಳಿಯದು. ಕೊಲ್ಲಿಯ ನಾಡುಗಳು ದುಡಿಯಲು ಹೋದವನಿಗೆ ಸಾಮಾನ್ಯವಾಗಿ ಪೌರತ್ವವನ್ನು ಕೊಡುವುದಿಲ್ಲ. ಅವನ ಹೆಂಡತಿ ಮಕ್ಕಳು ಇಲ್ಲಿ, ಮನೆ ಇಲ್ಲಿ, ಮುಪ್ಪಿನಲ್ಲಿ ಮರಳಬೇಕಾದದ್ದೂ ಇಲ್ಲಿಗೇ. ಲೋಕದ ಯಾವ ಮೂಲೆಯಲ್ಲಿಯೂ ಅವನಿಗೆ ಮತವಿಲ್ಲ ಎಂದಾಗುವುದು ಪ್ರಜಾಸತ್ತೆಗೆ ಭೂಷಣವಲ್ಲ. ಗಡಿಯ ಸೈನಿಕನಿಗೆ ನಾವು ಅಂಚೆಯ ಮತವನ್ನು ಕೊಟ್ಟಿದ್ದೇವೆ. ಆ ದಾರಿಯನ್ನೇ ತಕ್ಕ ಎಚ್ಚರಿಕೆಯೊಡನೆ ಇವರಿಗೂ ತೆರೆಯಬಹುದು.

ಹೋಲಿಕೆಯ ಪ್ರಯೋಜನ ಯಾವ ದೇಶ ಮೇಲು ಎಂಬ ಪಟ್ಟಿಯಲ್ಲಿಲ್ಲ. ನಾವು ವಿಧಿಯೆಂದು ತಿಳಿದದ್ದು ಬರಿಯ ನಿಯಮ, ನಿಯಮವನ್ನು ಮಾಡಿದವರು ಮನುಷ್ಯರು ಎಂಬುದನ್ನು ಅದು ತೋರಿಸಿಕೊಡುತ್ತದೆ. ನ್ಯೂಜಿಲೆಂಡಿನ ಜನ 1993ರಲ್ಲಿ ಮತ ಹಾಕಿ ಇಂಗ್ಲೆಂಡಿನ ಪದ್ಧತಿಯನ್ನು ತೊರೆದರು. ಇಂಗ್ಲೆಂಡಿನ ಜನ 2011ರಲ್ಲಿ ಮತ ಹಾಕಿ ಅದನ್ನೇ ಉಳಿಸಿಕೊಂಡರು. ಎರಡೂ ಪ್ರಜಾಸತ್ತೆಯ ನಿರ್ಧಾರಗಳೇ. ತೊರೆಯುವುದೋ ಉಳಿಸಿಕೊಳ್ಳುವುದೋ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳುವ ಅಭ್ಯಾಸ ಬೇಕು. ಈ ಮೂರು ಊರುಗಳ ಶಾಲೆಗಳಲ್ಲಿ ಹದಿನೆಂಟು ತುಂಬಲಿರುವ ಹುಡುಗ ಹುಡುಗಿಯರು ತಮ್ಮ ಮೊದಲ ಮತಕ್ಕಿಂತ ಮುಂಚೆ ಈ ಪ್ರಶ್ನೆಗಳನ್ನು ಗುರುಗಳೊಡನೆ ಚರ್ಚಿಸಲಿ. ಬೆರಳಿನ ಮೇಲಿನ ಶಾಯಿ ಕೆಲವು ವಾರಗಳಲ್ಲಿ ಮಾಸಿಹೋಗುತ್ತದೆ. ಆ ಚರ್ಚೆ ಐದು ವರ್ಷವೂ ಅವರ ಜೊತೆಗಿರುತ್ತದೆ.