ಚಾಸಿ ನಂಬರಿನಲ್ಲಿ ಕಾರಿನ ತವರು

ಚಿಂತಾಮಣಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಲು ಗೆಳೆಯನ ಜೊತೆ ಹೋಗಿದ್ದೆ. ಹ್ಯುಂಡೈ ಐ10, ಬೆಳ್ಳಿ ಬಣ್ಣ, ಒಬ್ಬರೇ ಓನರ್. ಬ್ರೋಕರ್ ಬಾನೆಟ್ ಎತ್ತಿ ಹಿಡಿದು, "ಪಕ್ಕಾ ಕೊರಿಯಾ ಗಾಡಿ ಸಾರ್, ಎಂಜಿನ್ ಸೌಂಡ್ ಕೇಳಿ" ಎಂದ. ಗೆಳೆಯ ಮೆಚ್ಚುಗೆಯಿಂದ ತಲೆಯಾಡಿಸಿದ. ನಾನು ಮೊಬೈಲಿನ ಟಾರ್ಚ್ ಹಾಕಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಕೊರೆದಿದ್ದ ಅಕ್ಷರಗಳನ್ನು ಓದಿದೆ. ಮೊದಲ ಮೂರು: ಎಂ, ಎ, ಎಲ್. ಕೊರಿಯಾದ ಮಾತು ಅಲ್ಲಿಗೆ ಮುಗಿಯಿತು.

ಗಾಡಿಯ ಊರು ಕೇಳಿದರೆ ನಮ್ಮ ಕಣ್ಣು ಮೊದಲು ಹೋಗುವುದು ನಂಬರ್ ಪ್ಲೇಟಿಗೆ. ಕೆಎ-40 ಇದ್ದರೆ ಚಿಕ್ಕಬಳ್ಳಾಪುರ, ಕೆಎ-67 ಇದ್ದರೆ ಚಿಂತಾಮಣಿ, ಕೆಎ-07 ಇದ್ದರೆ ಕೋಲಾರ. ಆದರೆ ಅದು ಗಾಡಿ ನೋಂದಣಿಯಾದ ಊರು, ಅಂದರೆ ಮದುವೆಯಾಗಿ ಬಂದ ಮನೆ. ತವರಿನ ವಿಷಯ ತಿಳಿಯಬೇಕಾದರೆ ಚಾಸಿ ನಂಬರ್ ನೋಡಬೇಕು. ಆರ್.ಸಿ. ಕಾರ್ಡಿನಲ್ಲಿ, ಇನ್ಶೂರೆನ್ಸ್ ಪತ್ರದಲ್ಲಿ ಅದು ಇದ್ದೇ ಇರುತ್ತದೆ. ಗಾಡಿಯ ಮೈಮೇಲೆ ಬಾನೆಟ್ ಒಳಗೋ, ಮುಂದಿನ ಸೀಟಿನ ಕೆಳಗೋ, ಬಾಗಿಲ ಕಂಬದ ಮೇಲೋ ಸಿಗುತ್ತದೆ.

ಈ ನಂಬರಿನಲ್ಲಿ 17 ಚಿಹ್ನೆಗಳಿರುತ್ತವೆ. ಮೊದಲು ಪ್ರತಿ ಕಂಪನಿಯೂ ತನಗೆ ತೋಚಿದ ಉದ್ದದಲ್ಲಿ ಬರೆಯುತ್ತಿತ್ತು. 1981ರ ಮಾದರಿಗಳಿಂದ ಅಮೆರಿಕ 17 ಚಿಹ್ನೆಗಳನ್ನು ಕಡ್ಡಾಯ ಮಾಡಿತು, ಅಂತರರಾಷ್ಟ್ರೀಯ ಮಾನಕವೂ ಅದೇ ಉದ್ದವನ್ನು ಒಪ್ಪಿತು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳಿಗೆ ಇದರಲ್ಲಿ ಜಾಗವಿಲ್ಲ. ಒಂದು, ಸೊನ್ನೆಗಳ ಜೊತೆ ಅವು ಕಲಸಿಹೋಗುತ್ತವೆ. ಉಳಿದವು 23 ಅಕ್ಷರ, 10 ಅಂಕಿ. ಮೊದಲ ಮೂರು ಸ್ಥಾನಗಳು ತಯಾರಕರ ಗುರುತು, ಅದರಲ್ಲೂ ಮೊದಲೆರಡು ದೇಶದ ಗುರುತು. ಈ ಗುರುತುಗಳನ್ನು ಹಂಚುವ ಲೆಕ್ಕವನ್ನು ಅಮೆರಿಕದ ಎಸ್.ಎ.ಇ. ಇಂಟರ್‌ನ್ಯಾಷನಲ್ ಎಂಬ ಎಂಜಿನಿಯರುಗಳ ಸಂಸ್ಥೆ ನೋಡಿಕೊಳ್ಳುತ್ತದೆ.

ಜೆ ಎಂದರೆ ಜಪಾನ್, ಎಲ್ ಎಂದರೆ ಚೀನಾ, ಡಬ್ಲ್ಯೂ ಎಂದರೆ ಜರ್ಮನಿ. 1, 4, 5 ಅಮೆರಿಕಕ್ಕೆ, 2 ಕೆನಡಾಕ್ಕೆ, 3 ಮೆಕ್ಸಿಕೋಗೆ. ನಮ್ಮದು ಎಂ. ಆದರೆ ಎಂ ಇಡಿಯಾಗಿ ನಮ್ಮದಲ್ಲ, ಇಂಡೋನೇಷ್ಯಾ, ಥಾಯ್ಲೆಂಡ್‌ಗಳಿಗೂ ಅದರಲ್ಲಿ ಪಾಲಿದೆ. ಭಾರತಕ್ಕೆ ಬಂದದ್ದು ಎಂ.ಎ.ಯಿಂದ ಎಂ.ಇ.ವರೆಗಿನ ಭಾಗ. ಅದು ಸಾಲದಾದಾಗ ಎಂ.ಝಡ್. ಕೂಡ ಸಿಕ್ಕಿತು. ಮಾರುತಿಗೆ ಎಂ.ಎ.3, ಟಾಟಾಗೆ ಎಂ.ಎ.ಟಿ., ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ಗೆ ಎಂ.ಬಿ.ಜೆ. ಬ್ರೋಕರ್ ತೋರಿಸಿದ ಕಾರಿನ ಎಂ.ಎ.ಎಲ್. ಹ್ಯುಂಡೈನ ಭಾರತದ ಕಂಪನಿಗೆ ಸೇರಿದ್ದು. ಅದು 1998ರಲ್ಲಿ ಮೊದಲ ಸ್ಯಾಂಟ್ರೋ ಹೊರಬಿಟ್ಟ ಶ್ರೀಪೆರಂಬದೂರು ಬಳಿಯ ಕಾರ್ಖಾನೆಯ ಗುರುತು. 2007ರ ನಂತರ ಯೂರೋಪಿನಲ್ಲಿ ಮಾರಾಟವಾದ ಐ10ಗಳ ಮೇಲೂ ಇದೇ ಎಂ.ಎ.ಎಲ್. ಇತ್ತು, ಅವೂ ತಮಿಳುನಾಡಿನಿಂದಲೇ ಹಡಗು ಹತ್ತಿದ್ದವು. ಮುಂದೆ ಆ ಕಾರನ್ನು ಟರ್ಕಿಯಲ್ಲಿ ತಯಾರಿಸತೊಡಗಿದಾಗ ಹೆಸರು ಅದೇ ಉಳಿಯಿತು, ನಂಬರಿನ ತಲೆ ಮಾತ್ರ ಎನ್.ಎಲ್.ಎಚ್. ಆಯಿತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಗೌರಿಬಿದನೂರಿನಿಂದ ಹಿಂದೂಪುರ ದಾಟಿ ಮುಂದೆ ಹೋದರೆ ಪೆನುಕೊಂಡ. ಅಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಮೇಲೆ ಆಂಧ್ರಕ್ಕೆ ಹೋಗುವ 44ನೇ ಹೆದ್ದಾರಿಯೇ ಆ ಕಾರ್ಖಾನೆಗೂ ದಾರಿ. ಕೊರಿಯಾದಲ್ಲಿ ತಯಾರಾದ ಕಿಯಾದ ನಂಬರ್ ಕೆ.ಎನ್. ಎಂದು ಶುರುವಾಗುತ್ತದೆ, ಪೆನುಕೊಂಡದ ಕಿಯಾದ್ದು ಎಂ.ಝಡ್.ಬಿ. ಎಂದು. ಹೆಸರು ಒಂದೇ, ಲಾಂಛನ ಒಂದೇ. ವಿದೇಶಿ ಕಾರು ಕೊಂಡೆನೆಂದು ಗೌರಿಬಿದನೂರಿನಲ್ಲಿ ಯಾರಾದರೂ ಹೇಳಿದರೆ, ಅವರ ಕಾರು ಬೆಂಗಳೂರಿಗಿಂತ ಹತ್ತಿರದಲ್ಲಿ ಹುಟ್ಟಿರಬಹುದು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ. ಮೊದಲ ಅಕ್ಷರಗಳು ಹೇಳುವುದು ಮುಖ್ಯವಾಗಿ ಕಾರಿಗೆ ಹೊಣೆ ಯಾರು ಎಂಬುದನ್ನು. ಹೊಣೆ ಹೊತ್ತ ಕಂಪನಿ ಒಂದು ದೇಶದಲ್ಲಿದ್ದು ಕಾರ್ಖಾನೆ ಇನ್ನೊಂದು ದೇಶದಲ್ಲಿದ್ದರೆ ಎಡವಟ್ಟಾಗುತ್ತದೆ. ಪೋರ್ಶೆ ಕಂಪನಿಯ ಕಯೆನ್ ಜೋಡಣೆಯಾಗುವುದು ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ, ನಂಬರ್ ಶುರುವಾಗುವುದು ಮಾತ್ರ ಜರ್ಮನಿಯ ಡಬ್ಲ್ಯೂನಿಂದ. ಅದೇ ಕಂಪನಿಯ ಬಾಕ್ಸ್‌ಟರ್ ಕಾರುಗಳಲ್ಲಿ ಬಹಳಷ್ಟು ಫಿನ್ಲೆಂಡಿನಲ್ಲಿ ತಯಾರಾದವು, ತಲೆಯ ಮೇಲೆ ಅವಕ್ಕೂ ಡಬ್ಲ್ಯೂ ಕಿರೀಟವೇ. ಇಂಥ ಕಡೆ ನೋಡಬೇಕಾದದ್ದು 11ನೇ ಸ್ಥಾನ. ಬಹಳಷ್ಟು ಕಂಪನಿಗಳು ಅಲ್ಲಿ ಕಾರ್ಖಾನೆಯ ಗುರುತನ್ನು ಇಡುತ್ತವೆ. ಸ್ಟುಟ್‌ಗಾರ್ಟ್‌ನ ಬಾಕ್ಸ್‌ಟರಿಗೆ ಅಲ್ಲಿ ಎಸ್, ಫಿನ್ಲೆಂಡಿನ ಊಸಿಕೌಪುಂಕಿಯದಕ್ಕೆ ಯು. ಯಾವ ಅಕ್ಷರ ಯಾವ ಊರಿಗೆ ಎಂಬುದು ಆಯಾ ಕಂಪನಿಯ ಮರ್ಜಿ, ಎಲ್ಲರಿಗೂ ಒಪ್ಪುವ ಪಟ್ಟಿ ಇಲ್ಲ.

ಅಂಗಡಿಯ ಸಾಮಾನಿನ ಬಾರ್‌ಕೋಡಿನಲ್ಲೂ ಇದೇ ಗೊಂದಲವಿದೆ. 890 ಎಂದು ಶುರುವಾದರೆ ಭಾರತದಲ್ಲೇ ತಯಾರಾದದ್ದು ಎಂದು ಹೇಳುವವರನ್ನು ಕೇಳಿದ್ದೇನೆ. ಆ ಮೂರಂಕಿ ಹೇಳುವುದು ಕಂಪನಿ ಬಾರ್‌ಕೋಡ್ ಪಡೆದದ್ದು ಭಾರತದ ಸಂಸ್ಥೆಯಿಂದ ಎಂದಷ್ಟೇ. ಒಳಗಿನ ಮಾಲು ಎಲ್ಲಿಯದಾದರೂ ಆಗಿರಬಹುದು.

ಜೋಡಣೆ ಬೇರೆ, ತಯಾರಿಕೆ ಬೇರೆ ಎಂಬ ಜಗಳ ನಮ್ಮ ದೇಶದಲ್ಲಿ ಹಳೆಯದು. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯಲ್ಲಿ ಹಡಗಿನಿಂದ ಬಂದ ಪೆಟ್ಟಿಗೆ ಬಿಚ್ಚಿ ಷೆವರ್ಲೆಗಳನ್ನು ಜೋಡಿಸತೊಡಗಿತು. ಬಿಡಿಭಾಗ ತಂದು ನಟ್ಟು ಬೋಲ್ಟು ಬಿಗಿದರೆ ಸಾಲದು, ಕಾರನ್ನೇ ಇಲ್ಲಿ ತಯಾರಿಸಬೇಕು ಎಂದು ಹಟ ಹಿಡಿದವರಲ್ಲಿ ಒಬ್ಬರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರು. ಸರ್ ಎಂ. ವಿಶ್ವೇಶ್ವರಯ್ಯ 70 ದಾಟಿದ ಮೇಲೆ, 1930ರ ದಶಕದಲ್ಲಿ, ಯೂರೋಪು ಅಮೆರಿಕಗಳ ಕಾರ್ಖಾನೆ ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರಕಾರದ ಕೈ ಬಿಗಿಯಾಗಿತ್ತು. ಆ ಕನಸನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. 1953ರಲ್ಲಿ ಸುಂಕ ಆಯೋಗ, ತಯಾರಿಕೆಯ ಯೋಜನೆ ಇಲ್ಲದೆ ಬರೀ ಜೋಡಿಸುವವರು ಇಲ್ಲಿ ಬೇಡ ಎಂದಾಗ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟು ಕಟ್ಟಿದವು. ಇಂದೂ ದುಬಾರಿ ಕಾರುಗಳು ಬಿಡಿಭಾಗಗಳಾಗಿ ಬಂದು ಇಲ್ಲಿ ಕೂಡಿಕೊಳ್ಳುತ್ತವೆ. ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಹೊಸಕೋಟೆಯಲ್ಲಿ 2017ರಿಂದ ವೋಲ್ವೋ ಕಾರುಗಳ ಜೋಡಣೆ ನಡೆಯುತ್ತಿದೆ. ಪೂರ್ತಿ ಕಾರಿಗಿಂತ ಬಿಡಿಭಾಗಕ್ಕೆ ಸುಂಕ ಬಹಳ ಕಡಿಮೆ, ಅದೇ ಇದರ ಗುಟ್ಟು. ಹೀಗೆ ಕೂಡಿಕೊಂಡ ಭಾಗಗಳ ತವರು ಹೇಳುವುದು ಕಷ್ಟ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಲಾಟಿನ ಮುಂದೆ ನಿಂತ ರೀಲರ್‌ಗೆ ಆ ಗೂಡು ಯಾವ ರೈತನದೆಂದು ಗೊತ್ತಿರುತ್ತದೆ. ನೂಲು ಬಿಚ್ಚಿ, ಹುರಿ ಮಾಡಿ, ಸೀರೆಯಾದ ಮೇಲೆ ಯಾರು ಹೇಳಬಲ್ಲರು? ಕಾರಿನ ಭಾಗಗಳೂ ಹಾಗೆಯೇ.

ಆದರೂ ಭಾಗಗಳು ಪೂರ್ತಿ ಮೂಗರಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಗಾಜಿನ ಮೂಲೆಯಲ್ಲಿ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಅಂಕಿ ಕಂಡರೆ ಅದು ಒಪ್ಪಿಗೆ ಕೊಟ್ಟ ದೇಶ. ಇ1 ಜರ್ಮನಿ, ಇ43 ಜಪಾನ್. ಗಾಜು ಅಲ್ಲೇ ತಯಾರಾಯಿತೆಂದು ಅದರ ಅರ್ಥವಲ್ಲ. ಇದನ್ನು ತೋರಿಸಿ 'ಜರ್ಮನ್ ಗಾಜು' ಎಂದು ಬೆಲೆ ಏರಿಸುವವರೂ ಇದ್ದಾರೆ.

ಚಾಸಿ ನಂಬರಿನ 10ನೇ ಸ್ಥಾನದಲ್ಲಿ ಸಾಮಾನ್ಯವಾಗಿ ವರ್ಷ ಅಡಗಿರುತ್ತದೆ. ಎ ಎಂದರೆ 2010, ಜೆ 2018, ಕೆ 2019. 30 ವರ್ಷಕ್ಕೊಮ್ಮೆ ಅಕ್ಷರ ಮರಳಿ ಬರುತ್ತದೆ, ಆದ್ದರಿಂದ ಎ 1980 ಕೂಡ ಆಗಬಹುದು. ಮೊದಲನೇ ಸ್ಥಾನದ ಕೆ ಕೊರಿಯಾ, ಹತ್ತನೆಯದು ವರ್ಷ. 9ನೇ ಸ್ಥಾನ ಇನ್ನೂ ಸ್ವಾರಸ್ಯದ್ದು. ಉತ್ತರ ಅಮೆರಿಕದ ಕಾರುಗಳಲ್ಲಿ ಅದು ತಪ್ಪು ಹಿಡಿಯುವ ಅಂಕಿ. ಪ್ರತಿ ಚಿಹ್ನೆಗೂ ಒಂದು ಬೆಲೆ ಕಟ್ಟಿ, ಅದರ ಸ್ಥಾನಕ್ಕೆ ನಿಗದಿಯಾದ ಸಂಖ್ಯೆಯಿಂದ ಗುಣಿಸಿ, ಕೂಡಿ, 11ರಿಂದ ಭಾಗಿಸುತ್ತಾರೆ. ಶೇಷವೇ ಒಂಬತ್ತನೆಯ ಅಂಕಿ, ಶೇಷ 10 ಬಂದರೆ ಎಕ್ಸ್. ಹದಿನೇಳೂ ಒಂದೇ ಒಂದು ಇರುವ ನಂಬರ್ ತೆಗೆದುಕೊಂಡರೆ ಮೊತ್ತ 89, ಹನ್ನೊಂದೆಂಟಲೆ 88 ಕಳೆದರೆ ಶೇಷ 1. ಲೆಕ್ಕ ಸರಿ! ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ಕಾವಲುಗಾರ, ಸೂತ್ರ ಬೇರೆ. ಭಾರತದ ಕಾರುಗಳಿಗೆ ಈ ಅಂಕಿ ಕಡ್ಡಾಯವಿಲ್ಲ. ಹಾಗಾಗಿ ಅಂತರ್ಜಾಲದ ಯಾವುದೋ ಲೆಕ್ಕದ ಯಂತ್ರ ನಿಮ್ಮ ನಂಬರ್ ತಪ್ಪು ಎಂದರೆ ಗಾಬರಿಯಾಗಬೇಕಿಲ್ಲ.

ಗಾಬರಿಯಾಗಬೇಕಾದದ್ದು ನಂಬರನ್ನು ಉಜ್ಜಿ ಅಳಿಸಿರುವಾಗ. ಕದ್ದ ಗಾಡಿಯ ನಂಬರನ್ನು ಗ್ರೈಂಡರಿನಿಂದ ನಯ ಮಾಡಿ ಬೇರೊಂದನ್ನು ಕೊರೆಯುವುದುಂಟು. ಆದರೆ ಉಕ್ಕು ಮರೆಯುವುದಿಲ್ಲ. ಅಚ್ಚು ಹೊಡೆದಾಗ ಕಣ್ಣಿಗೆ ಕಾಣುವ ತಗ್ಗಿನ ಕೆಳಗೂ ಲೋಹದ ಹರಳುಗಳು ಜಜ್ಜಿ ಹೋಗಿರುತ್ತವೆ. ಮೇಲಿನ ತಗ್ಗನ್ನು ಉಜ್ಜಿ ತೆಗೆದರೂ ಕೆಳಗಿನ ಆ ನೊಂದ ಪದರ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗವನ್ನು ನಯ ಮಾಡಿ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡ್ ಕರಗಿಸಿದ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಸವರುತ್ತಾರೆ. ನೊಂದ ಲೋಹವನ್ನು ಆಮ್ಲ ಬೇರೆ ವೇಗದಲ್ಲಿ ತಿನ್ನುತ್ತದೆ. ನಿಧಾನವಾಗಿ, ಮಂಜಿನೊಳಗಿಂದ ಬರುವಂತೆ, ಹಳೆಯ ಅಂಕಿಗಳು ಮೇಲೇಳುತ್ತವೆ. ಕೆಲವು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕ್ಯಾಮೆರಾ ಸಿದ್ಧವಿರಬೇಕು. ಗ್ರೈಂಡರ್ ತೀರಾ ಆಳಕ್ಕೆ ಹೋಗಿದ್ದರೆ ಮಾತ್ರ ಏನೂ ಸಿಗದು.

ಆರ್.ಟಿ.ಓ. ಕಚೇರಿಯ ಹೊರಗೆ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವುದನ್ನು ನೀವು ನೋಡಿರುತ್ತೀರಿ. ಸುಮ್ಮನೆ ಶಾಸ್ತ್ರಕ್ಕೆ ಎಂದುಕೊಳ್ಳಬೇಡಿ. ಅಕ್ಷರಗಳ ಆಳ, ಅಂತರ, ಸಾಲು ಎಲ್ಲವೂ ಆ ಕಾಗದಕ್ಕೆ ಇಳಿಯುತ್ತವೆ, ಕೈಯಲ್ಲಿ ಹೊಡೆದ ಸುಳ್ಳು ಅಚ್ಚು ಅಲ್ಲಿ ಸೊಟ್ಟಗೆ ಕಾಣುತ್ತದೆ.

ಬೆಳ್ಳಿ ಬಣ್ಣದ ಐ10 ಅನ್ನು ಗೆಳೆಯ ಕೊಂಡ. ಗಾಡಿ ಚೆನ್ನಾಗಿಯೇ ಇತ್ತು, ಅಚ್ಚು ನೇರವಾಗಿತ್ತು, ಆರ್.ಸಿ.ಗೆ ಹದಿನೇಳೂ ಹೊಂದಿದವು. ಬ್ರೋಕರ್ ಮಾತ್ರ ಕೊನೆಯವರೆಗೂ ಅದನ್ನು ಕೊರಿಯಾ ಗಾಡಿ ಎಂದೇ ಕರೆದ. ನೀವು ಗಾಡಿ ನೋಡಲು ಹೋಗುವಾಗ ಒಂದು ಟಾರ್ಚ್, ಆರ್.ಸಿ.ಯ ನಕಲು, ಒಂದು ಪೆನ್ಸಿಲ್ ಒಯ್ಯಿರಿ. ಹದಿನೇಳರಲ್ಲಿ ಒಂದೇ ಒಂದು ಹೊಂದದಿದ್ದರೂ ಅಡ್ವಾನ್ಸ್ ಕೊಡಬೇಡಿ.