ಹೋಮ್ ಥಿಯೇಟರಿಗೊಂದು ಕೌದಿ

ಖಾನಾಪುರದ ಓದುಗರೊಬ್ಬರು ಫೋನ್ ಮಾಡಿದ್ದರು. ಅವರ ಮಗ ಬೆಳಗಾವಿಯ ಟಿಳಕವಾಡಿಯಲ್ಲಿ ಫ್ಲ್ಯಾಟ್ ಕೊಂಡು, ಹಾಲ್‌ನಲ್ಲಿ 5.1 ಹೋಮ್ ಥಿಯೇಟರ್ ಹಾಕಿಸಿದ್ದಾನೆ. "ಬಾಂಬ್ ಬಿದ್ರ ಎದಿ ಝಲ್ ಅಂತದ್ರಿ. ಆದ್ರ ಹೀರೋ ಏನ್ ಮಾತಾಡ್ತಾನ ತಿಳಿಯಂಗಿಲ್ಲ. ಅದೇ ಸೆಟ್ಟು ಊರಾಗಿನ ಹಳೇ ಮನಿಗೆ ತಂದು ಹಚ್ಚಿದ್ವಿ, ಇಲ್ಲಿ ಛಲೋ ಕೇಳಸ್ತದ. ಹೆಂಗ್ರಿ ಇದು?"

ಸೆಟ್ಟಿನಲ್ಲಿ ದೋಷವಿಲ್ಲ, ದೋಷ ಹಾಲ್‌ನದು. ಅಂಗಡಿಯಲ್ಲಿ ನಾವು ವ್ಯಾಟ್ ಕೇಳುತ್ತೇವೆ, ಸ್ಪೀಕರ್ ಎಣಿಸುತ್ತೇವೆ, ಡಾಲ್ಬಿ ಮುದ್ರೆ ಇದೆಯೇ ಎಂದು ಡಬ್ಬಿ ತಿರುವಿ ನೋಡುತ್ತೇವೆ. (ಬೆಳಗಾವಿಯ ಗಣಪತಿ ಮೆರವಣಿಗೆಯಲ್ಲಿ ಕಿಟಕಿ ನಡುಗಿಸುವ ಪೆಟ್ಟಿಗೆಗಳ ರಾಶಿಗೂ 'ಡಾಲ್ಬಿ' ಎಂದೇ ಹೆಸರು. ಪಾಪ, ಆ ರೇ ಡಾಲ್ಬಿ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರನಾಗಿ ನಮ್ಮ ದೇಶದಲ್ಲೇ ಇದ್ದವ. ಮುಂದೆ ಲಂಡನ್ನಿನಲ್ಲಿ ಕಂಪನಿ ತೆರೆದು ಮೊದಲು ಮಾಡಿದ್ದು ಟೇಪಿನ ಗದ್ದಲ ಇಳಿಸುವ ಕೆಲಸ!) ಆದರೆ ಈ ಸೆಟ್ಟು ಕೂರುವ ಕೋಣೆ ಎಂಥದು ಎಂದು ಯಾರೂ ಕೇಳುವುದಿಲ್ಲ.

ಹಾಗೆ ಕೇಳಿ ಅಳತೆಗೆ ಇಳಿದವ ಭೌತವಿಜ್ಞಾನಿ ವ್ಯಾಲೆಸ್ ಸೇಬಿನ್. 1895ರಲ್ಲಿ ಹಾರ್ವರ್ಡ್‌ನ ಹೊಸ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಪಾಠ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಆಡಿದ ಒಂದು ಮಾತು ಐದೂವರೆ ಸೆಕೆಂಡು ಅಲ್ಲೇ ಗುಂಯ್‌ಗುಡುತ್ತಿತ್ತು. ಅದು ಅಡಗುವಷ್ಟರಲ್ಲಿ ಮೇಷ್ಟ್ರು ಇನ್ನೂ ಹತ್ತು ಮಾತು ಆಡಿ ಮುಗಿಸಿರುತ್ತಿದ್ದರು. ಅದನ್ನು ಸರಿಪಡಿಸುವ ಕೆಲಸ 27ರ ಹರೆಯದ ಸೇಬಿನ್ ಪಾಲಿಗೆ ಬಂತು. ಆತ ರಾತ್ರಿ ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡುತ್ತಿದ್ದ. ಆರ್ಗನ್ ಕೊಳವೆ ಊದಿಸಿ ನಿಲ್ಲಿಸಿ, ಸದ್ದು ಪೂರಾ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಿದ್ದ. ಇನ್ನಷ್ಟು ಮೆತ್ತೆ, ಮತ್ತೆ ಅಳತೆ. ಬೆಳಗಾಗುವ ಮೊದಲು ಮೆತ್ತೆಗಳೆಲ್ಲ ಮರಳಿ ಥಿಯೇಟರಿಗೆ ಹೋಗಬೇಕು. ತಾನು ತೊಟ್ಟ ಬಟ್ಟೆಯೂ ಸದ್ದು ಹೀರುತ್ತದೆಂದು ಗೊತ್ತಾದಾಗ ಅಲ್ಲಿಯವರೆಗಿನ ರಾಶಿ ಅಳತೆಗಳನ್ನು ಎಸೆದು, ದಿನವೂ ಒಂದೇ ಉಡುಪು ತೊಟ್ಟು ಮೊದಲಿನಿಂದ ಶುರುಮಾಡಿದ. ಈಗಿನ ಹೋಮ್ ಥಿಯೇಟರ್ ಜಾಹೀರಾತು ಬರೆಯುವವರಿಗೆ ಈ ಕಥೆಯನ್ನು ಕಡ್ಡಾಯವಾಗಿ ಓದಿಸಬೇಕು.

ಆ ರಾತ್ರಿಗಳಿಂದ ಹುಟ್ಟಿದ ಸೂತ್ರ ಸರಳ: ಕೋಣೆಯ ಘನ ಮೀಟರನ್ನು 0.161ರಿಂದ ಗುಣಿಸಿ, ಹೀರಿಕೆಯಿಂದ ಭಾಗಿಸಿದರೆ ಸದ್ದು ಹತ್ತು ಲಕ್ಷದ ಒಂದು ಪಾಲಿಗೆ ಇಳಿಯಲು ಬೇಕಾದ ಸೆಕೆಂಡು ಸಿಗುತ್ತದೆ. ಹೀರಿಕೆಗೆ ಸೇಬಿನ್ ಹಿಡಿದ ಮಾನ ತೆರೆದ ಕಿಟಕಿ. ಹೊರಗೆ ಹೋದ ಸದ್ದು ಮರಳದು, ಹೀಗಾಗಿ ಅದಕ್ಕೆ ಪೂರ್ತಿ ಅಂಕ.

ಮಗನ ಹಾಲ್ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರವೆನ್ನಿ. ಸುಮಾರು 51 ಘನ ಮೀಟರ್ ಆಯಿತು. ಹೊಳೆಯುವ ಟೈಲ್ಸು, ಪುಟ್ಟಿ ಬಳಿದ ಗೋಡೆ, ಗಾಜಿನ ಬಾಗಿಲು. ಸೋಫಾ ಸೇರಿಸಿದರೂ ಹೀರಿಕೆ 5 ಚದರ ಮೀಟರ್ ಕಿಟಕಿಯಷ್ಟು ಎಂದುಕೊಂಡರೆ ಉತ್ತರ 1.6 ಸೆಕೆಂಡು. ಇಂಥ ಹಾಲ್‌ಗೆ ಅರ್ಧ ಸೆಕೆಂಡು ಮೀರಬಾರದು. ಒಂದಕ್ಷರದ ಬಾಲ ಮುಂದಿನ ಅಕ್ಷರವನ್ನು ಮುಚ್ಚುತ್ತದೆ. ದನಿ ಏರಿಸಿದರೆ ಬಾಲವೂ ಅಷ್ಟೇ ಏರುತ್ತದೆ, ಹಾಗಾಗಿ ಹೆಚ್ಚು ವ್ಯಾಟ್ ಇದಕ್ಕೆ ಮದ್ದಲ್ಲ.

ಖಾನಾಪುರದ ಮನೆಯಲ್ಲಿ ಗಿಲಾವ್ ಕಾಣದ, ತೂತು ತೂತಾದ ಕೆಂಪುಗಲ್ಲಿನ ಗೋಡೆ, ಮೂಲೆಯಲ್ಲಿ ಚೀಲಗಳು. ಮೇಲೆ ಮಂಗಳೂರು ಹಂಚು, ಸಂದಿಗೊಂದು ಸಣ್ಣ ಕಿಟಕಿ. ಸದ್ದು ಅಲ್ಲಿಂದ ನುಸುಳಿ ಹೋಗುತ್ತದೆ. ಜುಲೈಯಲ್ಲಿ ಮಾತ್ರ ಮಳೆ ಬಂದರೆ ಹಂಚೇ ತಮಟೆಯಾಗಿ ಡೈಲಾಗು ಮತ್ತೆ ಮುಳುಗುತ್ತದೆ.

ಫ್ಲ್ಯಾಟಿಗೆ ಮದ್ದು ಟ್ರಂಕಿನಲ್ಲೇ ಇದೆ: ಅಜ್ಜಿ ಹಳೆ ಸೀರೆ, ಧೋತರ ಪದರ ಪದರವಾಗಿ ಹೊಲಿದ ಕೌದಿ. ಸೇಬಿನ್ ಹೊತ್ತ ಮೆತ್ತೆಗೂ ಇದಕ್ಕೂ ಕೆಲಸ ಒಂದೇ. ಎಳೆಗಳ ನಡುವೆ ಅಲುಗುವ ಗಾಳಿ ತಿಕ್ಕಾಡಿ ಸದ್ದಿನ ಶಕ್ತಿ ಶಾಖವಾಗುತ್ತದೆ. ಆದರೆ ಗೋಡೆಗೆ ಒತ್ತಿ ಮೊಳೆ ಹೊಡೆಯಬೇಡಿ. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗುವುದೇ ಇಲ್ಲ. ನಾಲ್ಕು ಬೆರಳು ಬಿಟ್ಟು ತೂಗಿಹಾಕಿ. ಸಾವಿರ ಹರ್ಟ್ಸ್ ಆಸುಪಾಸಿನ ಅಲೆಗೆ ಅದು ಕಾಲು ಅಲೆಯುದ್ದ, ಗಾಳಿ ಅತಿ ಜೋರಾಗಿ ಅಲುಗುವ ಜಾಗ. ನಮ್ಮ ವ್ಯಂಜನಗಳ ಸ್ಪಷ್ಟತೆ ನಿಂತಿರುವುದು ಅಲ್ಲಿಂದ ಮೇಲಿನ ಸದ್ದುಗಳ ಮೇಲೆ. ನೆಲಕ್ಕೆ ದಪ್ಪ ಜಮಖಾನೆ, ಗಾಜಿಗೆ ನಿರಿಗೆ ಹಿಡಿದ ಪರದೆ ಹಾಕಿ. ಹೀರಿಕೆ 16ಕ್ಕೇರಿದರೆ ಅದೇ ಹಾಲ್ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಗೆದ್ದಿರೋ ಇಲ್ಲವೋ ಎಂದು ನೋಡಲು ಹಾಲ್ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. 'ಟ್ರರ್' ಎಂಬ ಬಾಲ ಕೇಳಿದರೆ ಇನ್ನೊಂದು ಕೌದಿ ಬೇಕು.

ಉಳಿದದ್ದು ಬೇಗ ಮುಗಿಯುತ್ತದೆ. ಮುಂದಿನ ಎರಡು ಸ್ಪೀಕರ್ ನಿಮ್ಮ ನೇರದಿಂದ 30 ಡಿಗ್ರಿ ಆಚೀಚೆ, ಹಿಂದಿನವು 110 ಡಿಗ್ರಿ ಸುಮಾರಿಗೆ. ಮಾತು ಬರುವ ಸೆಂಟರ್ ಸ್ಪೀಕರನ್ನು ಶೋಕೇಸಿನೊಳಗೆ ತುರುಕಬೇಡಿ, ಕಿವಿಯ ಮಟ್ಟಕ್ಕೆ ತನ್ನಿ. ರಿಸೀವರ್ ಪ್ರತಿ ಸ್ಪೀಕರಿನ ದೂರ ಕೇಳಿದರೆ ಟೇಪು ಹಿಡಿದು ಅಳೆದೇ ತುಂಬಿ. ಸದ್ದು ಒಂದು ಅಡಿ ಸಾಗಲು ಸುಮಾರು 0.9 ಮಿಲಿಸೆಕೆಂಡು ಬೇಕು, ಮತ್ತು ಕಿವಿ ಮೊದಲು ಬಂದ ಸದ್ದಿನ ದಿಕ್ಕನ್ನೇ ನಂಬುತ್ತದೆ.

ಸಬ್‌ವೂಫರಿನ ಗುಡುಗು ಮಾತ್ರ ಕೌದಿಗೆ ಬಗ್ಗದು. 40 ಹರ್ಟ್ಸಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಇಡೀ ಹಾಲ್‌ಗಿಂತ ದೊಡ್ಡದು. ಅದು ಸ್ಲ್ಯಾಬಿನೊಳಗಿಂದ ಕೆಳಗಿನ ಮನೆಗೆ ಇಳಿಯುತ್ತದೆ. ರಾತ್ರಿ ಹತ್ತರ ಮೇಲೆ ಅದರ ಗುಂಡಿಯನ್ನು ಎಡಕ್ಕೆ ತಿರುವಿಡಲು ಮಗನಿಗೆ ಹೇಳಿ.