ಬಿಚ್ಚಲು ಮರೆತ ಗಂಟು

ತೈಲಬೈಲಾ ಎಂದರೆ ಪುಣೆಯ ಚಾರಣಿಗರಿಗೆಲ್ಲ ಗೊತ್ತು. ಲೋಣಾವಳ ದಾಟಿ, ಆಂಬಿ ವ್ಯಾಲಿ ಕಡೆಯ ರಸ್ತೆ ಹಿಡಿದು ಹೋದರೆ, ಬೆಟ್ಟದ ಮೇಲೆ ಯಾರೋ ಎರಡು ಗೋಡೆ ಕಟ್ಟಿ ಚಾವಣಿ ಹಾಕುವುದನ್ನು ಮರೆತು ಹೋದಂತೆ ಕಾಣುತ್ತದೆ. 200 ಅಡಿಗೂ ಮಿಕ್ಕಿದ ಕಪ್ಪು ಬಸಾಲ್ಟ್ ಗೋಡೆಗಳು, ನಡುವೆ ಒಂದು ಕಿಂಡಿ, ಕಿಂಡಿಯಲ್ಲಿ ಭೈರವನಾಥನ ಗುಹೆ.

ಜನವರಿಯ ಒಂದು ಶನಿವಾರ ನಾನೂ ಗೆಳೆಯನೂ ಹೊರಟೆವು. ಅವನು ಬಾದಾಮಿ ಕಡೆಯವನು, ಅಲ್ಲಿಯ ಕೆಂಪು ಮರಳುಗಲ್ಲಿನ ಮೇಲೆ ಹತ್ತಿ ಕಲಿತವನು. ನಾನು ತುಮಕೂರಿನವನು, ಪುಣೆಗೆ ಬಂದ ಮೇಲೆ ಅವನಿಂದ ಕಲಿತವನು. ಬಾದಾಮಿಯ ಕಲ್ಲನ್ನು ನಂಬಬಹುದು, ಸಹ್ಯಾದ್ರಿಯದನ್ನು ಕೇಳಿ ನೋಡಿ ನಂಬಬೇಕು ಅನ್ನುವುದು ಅವನ ಪಾಠ. 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಇದು. ಎಷ್ಟೋ ಕಡೆ ಸಡಿಲವಾಗಿದೆ, ಸಂದುಗಳಲ್ಲಿ ಒಣಹುಲ್ಲು ಬೇರೆ. ಹಿಡಿಯುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಬೇಕು. ಟೊಳ್ಳು ಸದ್ದು ಬಂದರೆ ಆ ಕಲ್ಲಿನ ಸಹವಾಸ ಬೇಡ.

ಸಂಜೆಯೊಳಗೆ ಒಂದು ಗೋಡೆ, ರಾತ್ರಿ ಗುಹೆಯಲ್ಲಿ ನಿದ್ದೆ, ಭಾನುವಾರ ಇನ್ನೊಂದು ಗೋಡೆ ಎಂದು ಲೆಕ್ಕ ಹಾಕಿದ್ದೆವು. ಬೆಳಿಗ್ಗೆ ನನ್ನದೊಂದು ಆಫೀಸ್ ಕಾಲ್ ಎರಡು ಗಂಟೆ ಎಳೆಯಿತು. (ಶನಿವಾರವೂ ಕಾಲ್ ಇರುತ್ತದೆಯೇ ಎಂದು ಈ ಪತ್ರಿಕೆಯ ಓದುಗರಂತೂ ಕೇಳಲಾರರು.) ತುದಿ ಮುಟ್ಟಿದಾಗ ಪಶ್ಚಿಮದಲ್ಲಿ ಸುಧಾಗಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ಫೋಟೊ ತೆಗೆಯುವಷ್ಟೂ ಪುರುಸೊತ್ತಿಲ್ಲದೆ ನಾವೂ ಇಳಿಯತೊಡಗಿದೆವು.

ಇಳಿಯುವಾಗ 60 ಮೀಟರ್ ಹಗ್ಗವನ್ನು ಮೇಲಿನ ಬಳೆಯಲ್ಲಿ ಪೋಣಿಸಿ ಎರಡೂ ಎಳೆ ಕೆಳಗೆ ಬಿಡುತ್ತೇವೆ. ಕತ್ತಲಲ್ಲಿ ಹಗ್ಗದ ತುದಿ ದಾಟಿ ಜಾರಿ ಹೋಗದಂತೆ ಎರಡು ತುದಿಗೂ ಗಂಟು ಹಾಕುತ್ತೇವೆ. ಇಬ್ಬರೂ ಇಳಿದ ಮೇಲೆ ಆ ಗಂಟುಗಳನ್ನು ಬಿಚ್ಚಿ ಒಂದು ಎಳೆ ಎಳೆದರೆ ಇನ್ನೊಂದು ಮೇಲೆ ಹೋಗಿ, ಬಳೆ ದಾಟಿ, ಪೂರ್ತಿ ಹಗ್ಗ ಕೈಗೆ ಬರುತ್ತದೆ. ಮೊದಲ ಹಂತ ಇಳಿದು ಜಗಲಿಯಷ್ಟು ಅಗಲದ ಒಂದು ಚಾಚಿನ ಮೇಲೆ ನಿಂತಿದ್ದೆವು. ಇನ್ನೂ ಎರಡು ಹಂತ ಬಾಕಿ. ಅವನು ಮುಂದಿನ ಬೋಲ್ಟ್ ನೋಡುತ್ತಿದ್ದ. ನಾನು ಒಂದು ಗಂಟು ಬಿಚ್ಚಿದೆ, ಎಳೆದೆ. ಸರಸರನೆ ಬಂದ ಹಗ್ಗ ಗಕ್ಕನೆ ನಿಂತಿತು.

“ಇನ್ನೊಂದು ತುದೀ ಗಂಟು ಬಿಚ್ಚಿದ್ದಿ ಹೌದಿಲ್ಲೋ?” ಎಂದ.

ನಾನು ಉತ್ತರ ಕೊಡಲಿಲ್ಲ. ಕತ್ತಲಲ್ಲಿ ಅದೇ ಉತ್ತರವಾಯಿತು.

ಇಬ್ಬರೂ ಜಗ್ಗಿದೆವು. ಗಂಟು ಇನ್ನಷ್ಟು ಕಚ್ಚಿಕೊಂಡಿತು. ಹಗ್ಗ ಹಿಡಿದುಕೊಂಡೇ ಮೇಲೆ ಹತ್ತುತ್ತೇನೆ ಎಂದೆ. ತಪ್ಪು ಮಾಡಿದವನಿಗೆ ಇಂಥ ಹುಕಿ ಬರುವುದು ಹೆಚ್ಚು. ಅವನು ನನ್ನ ಹಾರ್ನೆಸ್ ಹಿಡಿದು ಕೂರಿಸಿದ. “ಅದು ಎಲ್ಲಿ ಸಿಕ್ಕೈತಿ ಅಂತ ಕಾಣವಲ್ದು. ಕಾಣದ್ದಕ್ಕ ಜೋತು ಬೀಳೂದು ಬ್ಯಾಡ. ಕುಂದ್ರೂಣು, ಬೆಳಕಾಗ್ಲಿ.”

ಚಾರಣಿಗರೇ ನಡೆಸುವ ರಕ್ಷಣಾ ತಂಡಗಳು ಮಹಾರಾಷ್ಟ್ರದಲ್ಲಿವೆ. ಆದರೆ ನಮಗೆ ಗಾಯವಾಗಿರಲಿಲ್ಲ, ಬೋಲ್ಟಿಗೆ ಕಟ್ಟಿಕೊಂಡು ಕೂತಿದ್ದೆವು. ಮಲಗುವ ಚೀಲ, ಚಪಾತಿ, ಶೇಂಗಾ ಚಟ್ನಿ ಎಲ್ಲ ಕೆಳಗೆ ಗುಹೆಯಲ್ಲಿ. ಮೇಲೆ ಅರ್ಧ ಲೀಟರ್ ನೀರು, ಎರಡು ಚಿಕ್ಕಿ, ಒಂದು ವಿಂಡ್‌ಚೀಟರ್. ಹಗಲೆಲ್ಲ ಕಾದ ಕಲ್ಲು ಹತ್ತು ಗಂಟೆಯವರೆಗೂ ಬೆನ್ನಿಗೆ ಬೆಚ್ಚಗಿತ್ತು. ಆಮೇಲೆ ಅದೂ ಕೈಬಿಟ್ಟಿತು. ಇಬ್ಬರ ಕಾಲುಗಳನ್ನೂ ಒಂದೇ ಬ್ಯಾಗಿನೊಳಗೆ ತುರುಕಿ, ವಿಂಡ್‌ಚೀಟರನ್ನು ಗಂಟೆಗೊಮ್ಮೆ ಬದಲಾಯಿಸಿಕೊಂಡೆವು.

ಒಂಬತ್ತಕ್ಕೇ ಹೆಂಡತಿ ಫೋನ್ ಮಾಡಿದ್ದಳು. ಗೋಡೆಯ ಮೇಲೆ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. “ಗುಹೆ ಹತ್ರಾನೇ ಇದೀವಿ” ಎಂದೆ. ಸುಳ್ಳಲ್ಲ, ಗುಹೆ ಕಾಲ ಕೆಳಗೇ ಇತ್ತು. “ಗಾಳಿ ಜೋರಿದೆಯಲ್ಲ?” ಎಂದಳು. ಹೌದೆಂದೆ. ಫೋನಿಟ್ಟ ಮೇಲೆ ಗೆಳೆಯ ಏನೂ ಹೇಳಲಿಲ್ಲ. ರಾತ್ರಿಯಿಡೀ ಗಂಟಿನ ಬಗ್ಗೆಯೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಚಳಿ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. ಆಫೀಸಿನಲ್ಲಿ ಪ್ರತಿ ರಿಲೀಸ್‌ಗೂ ನಲವತ್ತು ಸಾಲಿನ ಚೆಕ್‌ಲಿಸ್ಟ್ ಬರೆಸುವವನು ನಾನು. ಇಲ್ಲಿ ಇದ್ದದ್ದು ಎರಡು ಗಂಟು.

ಬೆಳಕು ಹರಿದಾಗ ನೋಡಿದರೆ ಗಂಟು ಸಿಕ್ಕಿಕೊಂಡಿದ್ದು ತಲೆಯ ಮೇಲೆ ಇಪ್ಪತ್ತೇ ಅಡಿ ದೂರದ ಬಿರುಕಿನಲ್ಲಿ! ಎಳೆದುಕೊಂಡಿದ್ದ ಐವತ್ತು ಅಡಿ ಹಗ್ಗ ಕೈಯಲ್ಲಿತ್ತು. ಅವನು ಅದರ ತುದಿಯನ್ನು ತನ್ನ ಹಾರ್ನೆಸ್ಸಿಗೆ ಕಟ್ಟಿಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟ. ಅವನು ಜಾರಿದರೆ ಹಿಡಿಯಬೇಕಾದವನು ನಾನು. ರಾತ್ರಿ ಎರಡು ಗಂಟು ನೆನಪಿಡಲಾರದವನು.

“ನೀನೇ ಒಮ್ಮೆ ನನ್ನ ಗಂಟು ನೋಡು” ಎಂದ. ನೋಡಿದೆ. ಬೆರಳಿಟ್ಟು ಒಂದೊಂದೇ ಸುತ್ತು ಎಣಿಸಿದೆ. ನನ್ನ ಬಿಲೇ ಸಾಧನ, ಕ್ಯಾರಬೈನರಿನ ಬೀಗ ಎಲ್ಲವನ್ನೂ ಅವನು ನೋಡಿದ. ಹತ್ತಿದ. ಐದು ನಿಮಿಷದಲ್ಲಿ ಗಂಟು ಬಿಡಿಸಿಕೊಂಡು ಇಳಿದು ಬಂದ. ಹಗ್ಗ ಹಿಡಿದ ನನ್ನ ಕೈ ಸಡಿಲವಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಎರಡನೇ ಗೋಡೆ ಹಾಗೇ ಉಳಿಯಿತು. ಗುಹೆಯಲ್ಲಿ ತಣ್ಣನೆಯ ಚಪಾತಿ ತಿಂದು ಹೊರಟೆವು. ಲೋಣಾವಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಗಂಟು ಹಾಕಿದ್ದು ಯಾರು?”

“ನಾನೇ.”

“ಬಿಚ್ಚೋಕೆ ಮರೆತಿದ್ದು?”

“ನಾನೇ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಅವರನ್ನೂ ಊಟಕ್ಕೆ ಕರ್ಕೊಂಡು ಬನ್ನಿ” ಎಂದಳು. “ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ.”